‘ರನ್’ ಎಂಬ ಒಂದೇ ಪದಕ್ಕೆ ಇಷ್ಟೊಂದು ಅರ್ಥ: ಮಕ್ಕಳಿಗೆ ಹೇಗೆ ಕಲಿಸುವುದು?

ಪ್ರಶ್ನೆ: ಹೊಸನಗರದಿಂದ, ಸಂಜೆ ಪಾಠದ ಟೀಚರ್

ಎಲ್ಲರಿಗೂ ನಮಸ್ಕಾರ. ಹೊಸನಗರದ ಹತ್ತಿರದ ಹಳ್ಳಿಯೊಂದರಲ್ಲಿ ಸಂಜೆ ಹೊತ್ತು ಹೈಸ್ಕೂಲು ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಎಲ್ಲರೂ ಕನ್ನಡ ಮಾಧ್ಯಮದವರು, ಚುರುಕಾದ ಮಕ್ಕಳು. ‘ರನ್’ ಎಂದರೆ ಓಡು ಎಂದು ಚಿಕ್ಕ ತರಗತಿಯಲ್ಲೇ ಕಲಿತು ಬಂದಿದ್ದಾರೆ. ಈಗ ‘ಹಿ ರನ್ಸ್ ಎ ಹೋಟೆಲ್’ ಎಂಬ ವಾಕ್ಯ ಕೊಟ್ಟರೆ ಒಬ್ಬ ಹುಡುಗ ‘ಅವನು ಹೋಟೆಲಿಗೆ ಓಡುತ್ತಾನೆ’ ಎಂದು ಬರೆದ. ‘ವಿ ರ್ಯಾನ್ ಔಟ್ ಆಫ್ ಶುಗರ್’ ಎಂಬುದು ‘ನಾವು ಸಕ್ಕರೆಯಿಂದ ಹೊರಗೆ ಓಡಿದೆವು’ ಎಂದಾಯಿತು. ಕೆಂಪು ಶಾಯಿಯಲ್ಲಿ ಗೀಟು ಹಾಕಲು ನನಗೆ ಮನಸ್ಸು ಬರಲಿಲ್ಲ. ನಾವು ಕಲಿಸಿದ್ದನ್ನೇ ಅವನು ಬರೆದಿದ್ದಾನೆ. ನಿಘಂಟು ತೆರೆದರೆ ಅರ್ಥಗಳು ಪುಟದಿಂದ ಪುಟಕ್ಕೆ ಸಾಗುತ್ತವೆ. ಪಟ್ಟಿ ಮಾಡಿ ಬಾಯಿಪಾಠ ಮಾಡಿಸಲೇ? ಬೇರೆ ದಾರಿ ಇದೆಯೇ? ತಿಳಿದವರು ದಯವಿಟ್ಟು ಹೇಳಿ.

ಉತ್ತರ: ತೀರ್ಥಹಳ್ಳಿಯ ನಿವೃತ್ತ ಮೇಷ್ಟರು

ಟೀಚರ್ ಅವರೇ, ಬಾಯಿಪಾಠ ಬೇಡವೇ ಬೇಡ. ಆ ಪಟ್ಟಿಗೆ ಕೊನೆಯಿಲ್ಲ. 2011ರಲ್ಲಿ ಆಕ್ಸ್‌ಫರ್ಡ್ ಮಹಾನಿಘಂಟಿನವರು ಈ ಪದವನ್ನು ಪರಿಷ್ಕರಿಸಿದಾಗ ಕ್ರಿಯಾಪದವೊಂದಕ್ಕೇ 645 ಅರ್ಥಗಳು ಸಿಕ್ಕವು. ಅದಕ್ಕೆ ಮೊದಲು, 1989ರ ಎರಡನೇ ಆವೃತ್ತಿಯಲ್ಲಿ, 430 ಅರ್ಥಗಳ ‘ಸೆಟ್’ ಮುಂದಿತ್ತು. ಇಂಗ್ಲೆಂಡಿನಲ್ಲಿ ಹುಟ್ಟಿ ಬೆಳೆದ ಮಗುವೂ ಇವನ್ನು ಉರು ಹೊಡೆದು ಕಲಿಯುವುದಿಲ್ಲ.

ಹೋಟೆಲಿನ ವಾಕ್ಯದಲ್ಲಿ ಹುಡುಗ ಎಡವಿದ್ದು ಎಲ್ಲಿ ಎಂದು ನೋಡೋಣ. ನಮ್ಮಲ್ಲಿ ತಾನೇ ಓಡಿದರೆ ‘ಓಡು’, ಇನ್ನೊಂದನ್ನು ಓಡುವಂತೆ ಮಾಡಿದರೆ ‘ಓಡಿಸು’. ಹಾಗೆಯೇ ಹರಿ, ಹರಿಸು, ನಡೆ, ನಡೆಸು. ಆ ‘ಇಸು’ ಕಿವಿಗೆ ಬಿದ್ದ ಕೂಡಲೇ ಮಾಡುವವನು ಬೇರೆ, ಮಾಡಿಸಿಕೊಳ್ಳುವುದು ಬೇರೆ ಎಂದು ಮಗುವಿಗೆ ತಿಳಿಯುತ್ತದೆ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ‘ರನ್’. ಹಳೆಯ ಇಂಗ್ಲಿಷಿನಲ್ಲಿ ಇವು ಎರಡು ಬೇರೆ ಪದಗಳಾಗಿದ್ದವು: ತಾನೇ ಓಡುವುದಕ್ಕೆ, ಹರಿಯುವುದಕ್ಕೆ ‘ರಿನ್ನನ್’, ಕುದುರೆ ಓಡಿಸುವಂಥದ್ದಕ್ಕೆ ‘ಆ್ಯರ್ನನ್’. ಕಾಲಕ್ರಮದಲ್ಲಿ ಎರಡೂ ಒಂದರಲ್ಲೊಂದು ಬೆರೆತುಹೋದವು. ಆದ್ದರಿಂದ ಮಕ್ಕಳಿಗೆ ಮೊದಲು ಒಂದೇ ಒಂದು ಪ್ರಶ್ನೆ ಕೇಳಿಸಿ: ‘ರನ್’ ಆದ ಮೇಲೆ ನೇರವಾಗಿ ಒಂದು ವಸ್ತುವಿನ ಹೆಸರು ಬಂದಿದೆಯೇ? ಬಂದಿದ್ದರೆ ಹೆಚ್ಚಿನ ಕಡೆ ‘ಇಸು’ ಹಚ್ಚಿ ನೋಡಬಹುದು. ಹೋಟೆಲು ನಡೆಸುತ್ತಾನೆ, ಮೋಟರು ಓಡಿಸುತ್ತಾನೆ, ನೀರು ಹರಿಸುತ್ತಾನೆ. ಅರ್ಧ ಗೊಂದಲ ಅಲ್ಲಿಗೇ ಕಳೆಯುತ್ತದೆ.

ಎರಡನೆಯ ಮಾತು ನನಗೆ ಬಹಳ ಪ್ರಿಯವಾದದ್ದು. ಈ ಪದವನ್ನು ‘ಓಡು’ ಎಂದು ಮಾತ್ರ ಕಲಿಸಬೇಡಿ, ‘ಹರಿ’ ಎಂದೂ ಕಲಿಸಿ. ಇದೇ ಮೂಲದ ಜರ್ಮನ್ ಪದ ‘ರಿನ್ನೆನ್’ಗೆ ಇಂದಿಗೂ ಹರಿಯುವುದು ಎಂದೇ ಅರ್ಥ. ‘ಹರಿ’ ಎಷ್ಟು ದೂರ ಹೋಗುತ್ತದೆ ಎಂಬುದು ನಿಮ್ಮ ಮಕ್ಕಳಿಗೆ ಆಗಲೇ ಗೊತ್ತು. ತುಂಗೆ ಹರಿಯುತ್ತದೆ, ಹಾವು ಹರಿಯುತ್ತದೆ, ಬೆಳಕು ಹರಿಯುತ್ತದೆ, ಬಟ್ಟೆ ಹರಿಯುತ್ತದೆ, ಜಗಳ ಬಗೆಹರಿಯುತ್ತದೆ. ‘ಲಾರಿ ಹರಿದು ಸಾವು’ ಎಂದು ಪತ್ರಿಕೆಯಲ್ಲಿ ಬರೆಯುತ್ತಾರಲ್ಲ, ಇಂಗ್ಲಿಷಿನವರು ಅಲ್ಲಿಯೂ ‘ರನ್ ಓವರ್’ ಎನ್ನುತ್ತಾರೆ. ಕಾಲುಚೀಲದ ನೂಲು ಉದ್ದಕ್ಕೆ ಬಿಟ್ಟುಕೊಂಡರೆ ಅದೂ ‘ರನ್’. ಒಂದು ಪದಕ್ಕೆ ಹತ್ತು ಅರ್ಥ ಇರುವುದು ಕನ್ನಡದ ಮಗುವಿಗೆ ಹೊಸತೇನಲ್ಲ. ಆ ಧೈರ್ಯವನ್ನು ನೀವು ಕೊಡಬೇಕು.

ಎರಡು ಭಾಷೆಗಳು ಕೈಬಿಟ್ಟು ಬೇರೆ ದಾರಿ ಹಿಡಿಯುವ ಕಡೆಗಳನ್ನು ಮಾತ್ರ ಪ್ರತ್ಯೇಕವಾಗಿ ಕಲಿಸಿ. ಅವರ ಅಂಗಡಿ ಓಡಿದರೆ ನಾವು ಅಂಗಡಿ ನಡೆಸುತ್ತೇವೆ. ಅವರ ಮೂಗು ಓಡಿದರೆ ನಮ್ಮದು ಸೋರುತ್ತದೆ. ಒಗೆದಾಗ ಅವರ ಸೀರೆಯ ಬಣ್ಣ ಓಡುತ್ತದೆ, ನಮ್ಮ ಸೀರೆ ಬಣ್ಣ ಬಿಡುತ್ತದೆ. ಅವರಿಗೆ ಸಕ್ಕರೆ ‘ರನ್ ಔಟ್’ ಆದರೆ ನಮಗೆ ಸಕ್ಕರೆ ತೀರುತ್ತದೆ. ಚುನಾವಣೆಯದ್ದಂತೂ ಮಕ್ಕಳಿಗೆ ತಪ್ಪದೆ ಹೇಳಿ. ಅಮೆರಿಕದವರು ಚುನಾವಣೆಗೆ ‘ರನ್’ ಮಾಡುತ್ತಾರೆ, ನಾವು ನಿಲ್ಲುತ್ತೇವೆ. 1952ರಲ್ಲಿ ನಮ್ಮ ಶಾಂತವೇರಿ ಗೋಪಾಲಗೌಡರು ಸಾಗರ–ಹೊಸನಗರ ಕ್ಷೇತ್ರದಿಂದ ಚುನಾವಣೆಗೆ ನಿಂತು ಗೆದ್ದರು. ಬ್ರಿಟನ್ನಿನ ರೂಢಿಯೂ ನಮ್ಮಂತೆಯೇ ‘ಸ್ಟ್ಯಾಂಡ್’.

ನೋಟ್‌ಬುಕ್ಕಿನಲ್ಲಿ ಅರ್ಥ ಬರೆಸುವ ಬದಲು ಜೊತೆಗಾರ ಪದಗಳನ್ನು ಬರೆಸಿ: ರನ್ ಎ ಶಾಪ್, ರನ್ ಎ ಫೀವರ್, ರನ್ ಔಟ್ ಆಫ್ ಶುಗರ್. ಒಂಟಿ ಪದವನ್ನು ಎಲ್ಲಿಯೂ ಬರೆಸಬೇಡಿ.

ಉತ್ತರ: ಸಾಗರದಿಂದ, ಪಂಪ್‌ಸೆಟ್ ರಿಪೇರಿಯವರು

ಮೇಷ್ಟರು ಹೇಳಿದ್ದು ಸರಿ. ನಮ್ಮ ಕೆಲಸದಲ್ಲಿ ದಿನಾ ಬಳಸುವ ಎರಡು ಮಾತು ಸೇರಿಸುತ್ತೇನೆ, ತೋಟದ ಮನೆಯ ಮಕ್ಕಳಿಗೆ ಬೇಗ ಹತ್ತುತ್ತದೆ.

ಬೋರ್‌ವೆಲ್ಲಿನ ಸಿಂಗಲ್ ಫೇಸ್ ಮೋಟರಿನ ಪ್ಯಾನೆಲ್ ತೆಗೆದರೆ ಒಳಗೆ ಸಾಮಾನ್ಯವಾಗಿ ಎರಡು ಕೆಪಾಸಿಟರ್ ಕಾಣುತ್ತವೆ. ಒಂದು ‘ಸ್ಟಾರ್ಟ್’, ಒಂದು ‘ರನ್’. ಸ್ಟಾರ್ಟಿನದ್ದು ಮೋಟರು ಎದ್ದೇಳುವ ಒಂದೆರಡು ಕ್ಷಣ ದುಡಿದು ಕಳಚಿಕೊಳ್ಳುತ್ತದೆ. ರನ್ನಿನದ್ದು ಮೋಟರು ತಿರುಗುವಷ್ಟು ಹೊತ್ತೂ ಜೊತೆಗಿರುತ್ತದೆ. ಇಲ್ಲಿ ‘ರನ್’ ಎಂದರೆ ಶುರುವಾದದ್ದು ನಿಲ್ಲದೆ ಮುಂದುವರಿಯುವುದು.

ಇನ್ನೊಂದು ‘ಡ್ರೈ ರನ್’. ಬೇಸಿಗೆಯಲ್ಲಿ ನೀರು ಕೆಳಗಿಳಿದ ಮೇಲೂ ಪಂಪು ಬರಿದೇ ತಿರುಗುವುದು. ಆ ಪಂಪಿಗೆ ನೀರೇ ತಂಪು, ನೀರೇ ಎಣ್ಣೆ. ನೀರಿಲ್ಲದಿದ್ದರೆ ಬೇರಿಂಗು ಕಾದು ಸವೆದು ಮೋಟರು ಸುಟ್ಟುಹೋಗುತ್ತದೆ. ದಯವಿಟ್ಟು ಎಲ್ಲರೂ ಪ್ಯಾನೆಲ್ಲಿಗೆ ಡ್ರೈ ರನ್ ರಕ್ಷಣೆ ಹಾಕಿಸಿಕೊಳ್ಳಿ. ಕಾರ್ಯಕ್ರಮಕ್ಕೆ ಮೊದಲು ಮಾಡುವ ತಾಲೀಮಿಗೂ ಇದೇ ‘ಡ್ರೈ ರನ್’ ಎನ್ನುತ್ತಾರೆ.

ಉತ್ತರ: ಭದ್ರಾವತಿಯಿಂದ

ಕ್ರಿಕೆಟ್ಟಿನ ರನ್ನನ್ನು ಬಿಡಬೇಡಿ, ಹುಡುಗರು ಅಲ್ಲಿಂದಲೇ ಈ ಪದ ಕಲಿತಿರುತ್ತಾರೆ. ವಿಕೆಟ್ಟುಗಳ ನಡುವೆ ಓಡಿದ್ದಕ್ಕೆ ಹುಟ್ಟಿದ ಹೆಸರು ಅದು. ಚೆಂಡು ಬೌಂಡರಿ ದಾಟಿದರೆ ಯಾರೂ ಓಡಬೇಕಿಲ್ಲ, ಆದರೂ ನಾಲ್ಕು ರನ್. ಕ್ರಿಯೆ ಎಣಿಕೆಯಾದದ್ದನ್ನು ಇದರಷ್ಟು ಚೆನ್ನಾಗಿ ತೋರಿಸುವ ಉದಾಹರಣೆ ನನಗೆ ಗೊತ್ತಿಲ್ಲ. ನಮ್ಮೂರಿನ ಜಿ. ಆರ್. ವಿಶ್ವನಾಥ್ 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ಆಡಿದ ಮೊದಲ ಟೆಸ್ಟಿನಲ್ಲೇ ಸೊನ್ನೆಗೆ ಔಟಾಗಿ, ಎರಡನೇ ಇನ್ನಿಂಗ್ಸಿನಲ್ಲಿ 137 ರನ್ ಹೊಡೆದರು. ಈ ಕಥೆ ಹೇಳಿ, ಮಕ್ಕಳು ಪದವನ್ನೂ ಮರೆಯುವುದಿಲ್ಲ, ಅವರನ್ನೂ ಮರೆಯುವುದಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಮನಸಾರೆ ಕೃತಜ್ಞತೆ. ‘ಇಸು’ ಹಚ್ಚಿ ನೋಡುವ ಉಪಾಯವನ್ನು ನಿನ್ನೆಯೇ ಹೇಳಿಕೊಟ್ಟೆ. ಅದೇ ಹುಡುಗ ‘ಹಿ ರನ್ಸ್ ಎ ಮಿಲ್’ ಕೊಟ್ಟಾಗ ತಡವರಿಸದೆ ‘ಮಿಲ್ಲು ನಡೆಸುತ್ತಾನೆ’ ಎಂದು ಬರೆದ. ಆಮೇಲೆ ಒಂದು ಹುಡುಗಿ ಕೇಳಿದಳು: ‘ದ ರೋಡ್ ರನ್ಸ್ ಅಲಾಂಗ್ ದ ರಿವರ್’ ಎನ್ನುತ್ತಾರಲ್ಲ, ರಸ್ತೆ ಕದಲುವುದೇ ಇಲ್ಲವಲ್ಲ ಟೀಚರ್? ಮೇಷ್ಟರೇ, ಇದಕ್ಕೆ ಏನು ಹೇಳಲಿ?

ತೀರ್ಥಹಳ್ಳಿಯ ನಿವೃತ್ತ ಮೇಷ್ಟರು

ಒಳ್ಳೆಯ ಪ್ರಶ್ನೆ ಕೇಳಿದ್ದಾಳೆ, ಆ ಮಗುವಿಗೆ ನನ್ನ ಶಹಬ್ಬಾಸ್ ತಿಳಿಸಿ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಬರುವ ರಸ್ತೆ ಹೇಗೆ ಹೋಗುತ್ತದೆ ಎಂದು ಅವಳನ್ನೇ ಕೇಳಿ. ‘ಗಾಜನೂರು ದಾಟಿ, ತುಂಗೆಯ ದಡದಲ್ಲೇ ಮಂಡಗದ್ದೆ ಮೇಲೆ ಹೋಗುತ್ತದೆ’ ಎನ್ನುತ್ತಾಳೆ. ಕದಲದ ರಸ್ತೆಯನ್ನು ಕನ್ನಡದಲ್ಲಿ ಅವಳೂ ಹೋಗುವಂತೆ ಮಾಡಿರುತ್ತಾಳೆ. ಅದೇ ವಾಕ್ಯವನ್ನು ಇಂಗ್ಲಿಷಿನಲ್ಲಿ ಬರೆಯಿಸಿ, ‘ರನ್’ ಹಾಕಿ.