ಎಕನಾಮಿಕ್ಸ್, ಬಸ್ಸು, ಕಪ್ಪೆ ಮೂರೂ ಸೇರಿಸಿ ಒಂದು ಪಿಎಚ್‌ಡಿ ಮಾಡ್ಲಿಕ್ಕೆ ಆಗ್ತದಾ?

ಪರ್ಕಳ_ಪ್ರಯಾಣಿಕೆ:

ನಮಸ್ಕಾರ ಎಲ್ರಿಗೂ. ಸ್ವಲ್ಪ ಉದ್ದ ಬರಿತೇನೆ, ಪುರುಸೊತ್ತು ಇದ್ದವರು ಓದಿ ಆಯ್ತಾ. ನಂದು ಎಂಎ ಎಕನಾಮಿಕ್ಸ್, ನೆಟ್ (ಲೆಕ್ಚರರ್ ಅರ್ಹತಾ ಪರೀಕ್ಷೆ) ಆಗಿದೆ, ಜೆಆರ್‌ಎಫ್ ಅಂದ್ರೆ ರಿಸರ್ಚ್ ಫೆಲೋಶಿಪ್ ಎರಡು ಸಲವೂ ಸ್ವಲ್ಪದರಲ್ಲಿ ತಪ್ಪಿತು, ಈಗ ಉಡುಪಿ ಹತ್ರ ಒಂದು ಕಾಲೇಜಲ್ಲಿ ಗೆಸ್ಟ್ ಲೆಕ್ಚರರ್. ಮನೆ ಹೆಬ್ರಿ ಕಡೆ, ಹಾಗಾಗಿ ದಿನಾ ಎರಡು ಹೊತ್ತು ಮಲ್ಪೆ–ತೀರ್ಥಹಳ್ಳಿ ಹೈವೇಯಲ್ಲೇ ನನ್ನ ಜೀವನ, ಅದೇ 169ಎ. ಅದನ್ನು ಅಗಲ ಮಾಡ್ಲಿಕ್ಕೆ ಶುರು ಮಾಡಿದಾಗಿಂದ ಕಿಟಕಿ ಸೀಟಲ್ಲಿ ಕೂತು ನೋಡಿದ್ದೇ ನೋಡಿದ್ದು, ಗುಡ್ಡ ಜರಿದದ್ದು, ಮರ ಹೋದದ್ದು, ಮಳೆಗಾಲದಲ್ಲಿ ಕೆಂಪು ನೀರು ಸೀದಾ ಗದ್ದೆಗೆ ಇಳಿದದ್ದು. ವಿಚಿತ್ರ ಎಂತ ಅಂದ್ರೆ ರೋಡು ಅಗಲ ಆದ ಹಾಗೆ ಬಸ್ಸಲ್ಲಿ ಜನ ಕಮ್ಮಿ ಆಗ್ತಾ ಬಂತು, ಮೊದಲು ನನ್ನೊಟ್ಟಿಗೆ ಹತ್ತುತ್ತಿದ್ದ ಮೂರು ಹುಡುಗಿಯರೂ ಈಗ ಸ್ಕೂಟರು.

ಇದನ್ನೇ ಪಿಎಚ್‌ಡಿ ಮಾಡುವ ಅಂತ ಪ್ರಪೋಸಲ್ ಬರ್ದೆ. ಟೈಟಲ್ಲು "ಉಡುಪಿ ಜಿಲ್ಲೆಯಲ್ಲಿ ಆರ್ಥಿಕ ಅಭಿವೃದ್ಧಿ, ಸುಸ್ಥಿರ ಸಾರಿಗೆ ಮತ್ತು ಪರಿಸರ: ಒಂದು ಅಧ್ಯಯನ". ಪರಿಸರದ ಭಾಗಕ್ಕೆ ಕಪ್ಪೆ ಎಣಿಸುದು ಅಂತ ಹಾಕಿದ್ದೆ. ಇಂಟರ್‌ವ್ಯೂದಲ್ಲಿ ಎಕನಾಮಿಕ್ಸ್‌ನವರು ಕಪ್ಪೆ ಲೆಕ್ಕ ಮಾಡ್ಲಿಕ್ಕಾದ್ರೆ ಝೂವಾಲಜಿಗೆ ಹೋಗಿ ಅಂದ್ರು, ಎನ್ವಿರಾನ್‌ಮೆಂಟಲ್ ಸೈನ್ಸ್‌ನವರಲ್ಲಿ ಕೇಳಿದ್ರೆ ನಿಮ್ಮದು ಸೈನ್ಸ್ ಡಿಗ್ರಿ ಅಲ್ವಲ್ಲ ಅಂದ್ರು. ಅತ್ತ ಇಲ್ಲ ಇತ್ತ ಇಲ್ಲ. ನಿಜವಾಗ್ಲೂ ಮೂರನ್ನು ಸೇರಿಸಿ ಮಾಡಿದವರು ಇದ್ದೀರಾ ಇಲ್ಲಿ? ಯಾವ ಡಿಪಾರ್ಟ್‌ಮೆಂಟಲ್ಲಿ ರಿಜಿಸ್ಟರ್ ಆಗುದು, ಕೆಲಸ ಬಿಡದೆ ಮಾಡ್ಲಿಕ್ಕೆ ಆಗ್ತದಾ? ಒಂದನ್ನು ಬಿಡ್ಬೇಕು ಅಂತಾದ್ರೆ ಯಾವುದನ್ನು ಬಿಡುದು?

ಮುರಕಲ್ಲು:

ನಾನು ಇಕಾಲಜಿಯಲ್ಲಿ ಮಾಡಿದವ, ಆರು ವರ್ಷ ಎಳೆದೆ, ಹಾಗಾಗಿ ಬುದ್ಧಿ ಹೇಳುವ ಹಕ್ಕು ಉಂಟು ಅಂತ ಅಂದ್ಕೊಳ್ತೇನೆ.

ನಿಮ್ಮನ್ನು ವಾಪಸ್ ಕಳಿಸಿದ್ದು ಮೂರು ವಿಷಯ ಸೇರಿಸಿದ್ದಕ್ಕೆ ಅಲ್ಲ, ಆ ಟೈಟಲ್ಲಲ್ಲಿ ಮೂರೂ ಸೇರಲೇ ಇಲ್ಲ, ಸುಮ್ಮನೆ ಮಧ್ಯದಲ್ಲಿ ಕಾಮ ಹಾಕಿ ನಿಲ್ಲಿಸಿದ್ದೀರಿ. ಹೀಗೆ ಬರೆದ್ರೆ ಒಂದು ಚಾಪ್ಟರ್ ಜಿಡಿಪಿ, ಒಂದು ಚಾಪ್ಟರ್ ಬಸ್ಸು, ಕೊನೆಗೆ ಒಂದು ಪಕ್ಷಿ ಪಟ್ಟಿ, ಅಷ್ಟೇ ಆಗುದು. ಒಂದು ಎಳೆ ಹಿಡೀರಿ. ಉದಾಹರಣೆಗೆ ರೋಡು ಎತ್ತರ ಮಾಡ್ಲಿಕ್ಕೆ ಟಿಪ್ಪರ್‌ಗಟ್ಟಲೆ ಕೆಂಪು ಮಣ್ಣು ಬರ್ತದಲ್ಲ, ಅದು ಎಲ್ಲಿಂದ ಬರ್ತದೆ? ಗುಡ್ಡೆಯಿಂದ, ಪದವಿನಿಂದ. ಪದವು ಅಂದ್ರೆ ನಮ್ಮ ಮುರಕಲ್ಲಿನ (ಜಂಬಿಟ್ಟಿಗೆ, ಇಂಗ್ಲಿಷಲ್ಲಿ ಲ್ಯಾಟರೈಟ್) ಬಯಲು, ಮಂಗಳೂರಿನ ಪದವಿನಂಗಡಿಗೆ ಹೆಸರೇ ಅದರಿಂದ. ಬೇಸಿಗೆಯಲ್ಲಿ ನೋಡಿದ್ರೆ ಕರಿ ಕಲ್ಲು, ಒಣಗಿದ ಹುಲ್ಲು, ಎಂತ ಸಾ ಇಲ್ಲ. ಮ್ಯಾಪಲ್ಲೂ ಸರ್ಕಾರದ ಲೆಕ್ಕದಲ್ಲೂ ಹೆಚ್ಚಾಗಿ ಪಾಳು ಜಾಗ. ಹಾಗಾಗಿ ಮಣ್ಣು ಬೇಕಾದವನಿಗೂ, ಲೇಔಟ್ ಮಾಡುವವನಿಗೂ, ಕಸ ಸುರಿಯುವವನಿಗೂ ಮೊದಲು ಕಾಣುದು ಅದೇ.

ಅದೇ ಪದವಿಗೆ ಜೂನ್ ಕೊನೆಗೆ ರಾತ್ರಿ ಟಾರ್ಚ್ ಹಿಡ್ಕೊಂಡು ಹೋಗಿ. ಕಲ್ಲಿನ ಗುಂಡಿಯಲ್ಲಿ ಒಂದು ಗೇಣು ನೀರು ನಿಂತಿರ್ತದೆ, ಸುತ್ತ ಜೀರುಂಡೆ ಕೂಗಿದ ಹಾಗೆ ಕೇಳ್ತದೆ, ನೀವು ಹುಡುಕುದು ಹುಡುಕುದು, ಜೀರುಂಡೆ ಇಲ್ಲ. ಅದು ಕಪ್ಪೆ. ಒಂದೂವರೆ ಸೆಂಟಿಮೀಟರ್ ಚಿಲ್ಲರೆ ಉದ್ದ, ಉಗುರಿನ ಮೇಲೆ ಕೂರ್ತದೆ. ಮೈಕ್ರೋಹೈಲಾ ಲ್ಯಾಟರೈಟ್ ಅಂತ, ನಮ್ಮ ಮುರಕಲ್ಲಿನದ್ದೇ ಹೆಸರು ಇಟ್ಟದ್ದು, ಮಣಿಪಾಲದ ಸುತ್ತಮುತ್ತ ಸಿಕ್ಕಿ 2016ರಲ್ಲಿ ಹೊಸ ಜಾತಿ ಅಂತ ಆಯ್ತು. ಅಷ್ಟು ಕಾಲೇಜು, ಆಸ್ಪತ್ರೆ, ಹಾಸ್ಟೆಲ್ ಇರುವ ಊರಲ್ಲಿ ಅಷ್ಟು ವರ್ಷ ಯಾರ ಕಣ್ಣಿಗೂ ಬೀಳ್ಳಿಲ್ಲ ಮಾರ್ರೆ.

ಇನ್ನೊಂದು ಕತೆ ಉಂಟು, ಎಕನಾಮಿಕ್ಸ್‌ನವರಿಗೆ ಖುಷಿ ಆಗ್ಬಹುದು. 2018ರಲ್ಲಿ ಮಂಗಳೂರಲ್ಲೇ ಮೈಕ್ರೋಹೈಲಾ ಕೊಡಿಯಾಲ್ ಅಂತ ಸಿಕ್ಕಿತು, ಕೊಡಿಯಾಲ ಅಂದ್ರೆ ಮಂಗಳೂರು ತಾನೆ. ಸಿಕ್ಕಿದ್ದು ಕಾಡಲ್ಲಿ ಅಲ್ಲ, ಬಂದರು ಕಡೆಯ ಇಂಡಸ್ಟ್ರಿಯಲ್ ಜಾಗದಲ್ಲಿ, ಹಿಂದೆ ಮರದ ದಿಮ್ಮಿ ರಾಶಿ ಹಾಕ್ತಿದ್ದಲ್ಲಿ. ಅದರ ನೆಂಟರೆಲ್ಲ ಆಗ್ನೇಯ ಏಷ್ಯಾದ ಕಪ್ಪೆಗಳು, ಹಾಗಾಗಿ ಮರದೊಟ್ಟಿಗೆ ಹಡಗಲ್ಲಿ ಬಂದಿರ್ಬಹುದಾ ಅಂತ ಒಂದು ಊಹೆ. ಇಂಪೋರ್ಟು, ಬಂದರು, ಕಪ್ಪೆ, ಮೂರೂ ಒಂದೇ ವಾಕ್ಯದಲ್ಲಿ ಬಂತಲ್ಲ, ಕಾಮ ಬೇಕಾಗಿಲ್ಲ.

ಒಂದು ಮಾತು ನೆನಪಿಟ್ಟುಕೊಳ್ಳಿ. ಮಳೆಗಾಲ ತಪ್ಪಿದ್ರೆ ವರ್ಷವೇ ತಪ್ಪಿದ ಹಾಗೆ. ಆಗಸ್ಟಲ್ಲಿ ರಿಜಿಸ್ಟರ್ ಆಗಿ, ಕೋರ್ಸ್‌ವರ್ಕು, ಕಮಿಟಿ ಮೀಟಿಂಗು ಅಂತ ಕೂತ್ರೆ ಮೊದಲ ಕಪ್ಪೆ ನೋಡ್ಲಿಕ್ಕೆ ಮುಂದಿನ ಜೂನ್. ನಂದು ಎರಡು ಮಳೆಗಾಲ ಹೀಗೇ ಹೋಯ್ತು.

ನಿವೃತ್ತ_ಮಾಷ್ಟ್ರು:

ಮುರಕಲ್ಲು ಅವರು ಹೇಳಿದ್ದು ಚಂದ ಉಂಟು, ಆದರೆ ತಂಗಿ, ನೀನು ಎಕನಾಮಿಕ್ಸ್‌ನವಳು, ಕಪ್ಪೆ ಗುರುತಿಸ್ಲಿಕ್ಕೆ ಕಲಿಯುವಷ್ಟರಲ್ಲಿ ಫೆಲೋಶಿಪ್ ಇಲ್ಲದ ನಿನ್ನ ಗತಿ ಎಂತ? ಕಪ್ಪೆ ಬಿಡು ಅಂತ ನನ್ನ ಅಭಿಪ್ರಾಯ. ಪರಿಸರ ಬಿಡ್ಬೇಡ.

ನೀನು ಬಸ್ಸಲ್ಲಿ ಜನ ಕಮ್ಮಿ ಆದದ್ದು ವಿಚಿತ್ರ ಅಂತ ಬರ್ದಿದ್ದಿಯಲ್ಲ, ಅದು ವಿಚಿತ್ರ ಅಲ್ಲ, ಅದೇ ನಿನ್ನ ಥೀಸಿಸ್. ಆಂಥೊನಿ ಡೌನ್ಸ್ ಅಂತ ಅಮೆರಿಕದ ಅರ್ಥಶಾಸ್ತ್ರಜ್ಞ 1962ರಲ್ಲೇ ಹೇಳಿದ್ದ, ರಸ್ತೆ ಎಷ್ಟು ಅಗಲ ಮಾಡಿದ್ರೂ ರಶ್ಶಿನ ಹೊತ್ತಿಗೆ ಗಾಡಿ ಬಂದು ತುಂಬಿಯೇ ತುಂಬ್ತದೆ ಅಂತ. ಆಮೇಲೆ ಡೌನ್ಸ್–ಥಾಮ್ಸನ್ ಪ್ಯಾರಡಾಕ್ಸ್ ಅಂತಲೂ ಒಂದು ಬಂತು: ರಸ್ತೆ ಚಂದ ಆಯ್ತು ಅಂತ ಬಸ್ಸಿನವರು ಸ್ವಂತ ಗಾಡಿಗೆ ಹೋಗ್ತಾರೆ, ಬಸ್ಸಿಗೆ ಕಲೆಕ್ಷನ್ ಇಲ್ಲದೆ ಟ್ರಿಪ್ ಕಮ್ಮಿ ಮಾಡ್ತಾರೆ, ಟ್ರಿಪ್ ಕಮ್ಮಿ ಆದದ್ದಕ್ಕೆ ಉಳಿದವರೂ ಗಾಡಿ ತೆಗೀತಾರೆ, ಕಡೆಗೆ ಮೊದಲಿನದಕ್ಕಿಂತ ಎಲ್ಲರಿಗೂ ತಡ. ಇದನ್ನು ಲಂಡನ್, ಲಾಸ್ ಏಂಜಲಿಸ್ ಅಂತ ಪಾಠ ಮಾಡಿದವ ನಾನು, ಪರ್ಕಳದಲ್ಲಿ ಹುಡುಕಿ ನೋಡುವ ಬುದ್ಧಿ ಆಗ ಬರ್ಲಿಲ್ಲ.

ಇನ್ನೊಂದು, ನಮ್ಮ ಉಡುಪಿ, ದಕ್ಷಿಣ ಕನ್ನಡ ಎರಡು ಜಿಲ್ಲೆಯಂಥ ಲ್ಯಾಬೊರೇಟರಿ ಬೇರೆ ಕಡೆ ಸಿಕ್ಕುದಿಲ್ಲ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು, ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ. ಆದರೆ ಇಲ್ಲಿ ಓಡುದು ಹೆಚ್ಚು ಪ್ರೈವೇಟ್ ಬಸ್ಸು. ಒಂದು ರೂಟಲ್ಲಿ ಕೆಎಸ್‌ಆರ್‌ಟಿಸಿ ಉಂಟು, ಪಕ್ಕದ ರೂಟಲ್ಲಿ ಇಲ್ಲ, ಅದೇ ಜಾತಿ ಜನ, ಅದೇ ಬೀಡಿ, ಅದೇ ಗೇರುಬೀಜದ ಫ್ಯಾಕ್ಟರಿ, ಅದೇ ಮಳೆ. ಫ್ರೀ ಬಸ್ಸು ಇದ್ದ ಕಡೆ ಹೆಂಗಸರು ದೂರದ ಕೆಲಸಕ್ಕೆ ಹೊರಟ್ರಾ, ಇಲ್ಲದ ಕಡೆ ಎಂತ ಆಯ್ತು, ಎರಡನ್ನೂ ಹೋಲಿಸ್ಬಹುದು. ಫ್ರೀ ಆದ್ರೂ ಕಂಡಕ್ಟರು ಶೂನ್ಯ ಟಿಕೆಟ್ ಹರಿದೇ ಕೊಡ್ಬೇಕು, ಅಂದ್ರೆ ಲೆಕ್ಕ ಇದ್ದೇ ಇರ್ತದೆ. 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಲ್ಲಿ ಕೇಳು.

ತಲಾ ಆದಾಯ ಹೆಚ್ಚಾದ್ರೆ ಮೊದಲು ಪರಿಸರ ಹಾಳಾಗಿ ಆಮೇಲೆ ತನ್ನಿಂದ ತಾನೇ ಸರಿ ಆಗ್ತದೆ ಅಂತ ಪರಿಸರದ ಕುಜ್ನೆಟ್ಸ್ ಕರ್ವ್ ಒಂದು ಉಂಟು, 1991ರಲ್ಲಿ ಗ್ರಾಸ್‌ಮನ್, ಕ್ರೂಗರ್ ಶುರು ಮಾಡಿದ್ದು. ಅದನ್ನು ಥೀಸಿಸ್‌ನಲ್ಲಿ ಹಾಕ್ಲೇಬೇಡ ಅಂತ ಹೇಳುದಿಲ್ಲ, ಹಾಕಿದ್ರೆ ಒಂದು ನೆನಪಿಡು: ನಮ್ಮೂರಿನ ದುಡ್ಡು ಎಷ್ಟೋ ಮುಂಬೈಯ ಹೋಟೆಲಿಂದ, ಗಲ್ಫಿಂದ ಬಂದದ್ದು. ದುಡ್ಡು ಹುಟ್ಟಿದ್ದು ಅಲ್ಲಿ, ಗುಡ್ಡ ಹೋದದ್ದು ಇಲ್ಲಿ, ಕರ್ವ್ ಎಲ್ಲಿ ಹಾಕ್ತಿ?

ರಿಜಿಸ್ಟ್ರೇಶನ್ ಎಕನಾಮಿಕ್ಸಲ್ಲೇ ಮಾಡು, ಬೇರೆ ಡಿಪಾರ್ಟ್‌ಮೆಂಟಿನವರನ್ನು ಕೋ-ಗೈಡ್ ಮಾಡ್ಕೊಳ್ಳು. 2022ರ ಯುಜಿಸಿ ರೂಲಲ್ಲಿ ಪಾರ್ಟ್‌ಟೈಮ್‌ಗೆ ಅವಕಾಶ ಉಂಟು, ಕಾಲೇಜಿಂದ ಎನ್‌ಒಸಿ ಬೇಕು. ಕಮ್ಮಿ ಅಂದ್ರೆ ಮೂರು ವರ್ಷ, ಹೆಚ್ಚು ಅಂದ್ರೆ ಆರು, ಹೆಂಗಸರಿಗೆ ಇನ್ನೆರಡು ವರ್ಷ ರಿಯಾಯಿತಿ.

ಕುಂದಾಪ್ರದವ:

ಹ್ವಾಯ್, ಥೀಸಿಸ್ ಎಲ್ಲ ನಂಗೆ ಗೊತ್ತಿಲ್ಲೆ. ಹೈವೇ ಆದ್ ಮೇಲೆ ನಮ್ ಅಮ್ಮಂಗೆ ರಸ್ತೆ ದಾಟುಕೇ ಆತಿಲ್ಲೆ, ಆಚೆ ಬದಿ ಬಸ್‌ಸ್ಟಾಪ್ ಕಾಣತ್, ಹೋಪುಕ್ ಅರ್ಧ ಕಿಲೋಮೀಟರ್ ಸುತ್ತ್‌ಕ್. ಅದನ್ನೂ ಬರೀನಿ.

ಸರ್ವಿಸ್_ಬಸ್:

ನಮ್ಮದು ಮನೆಯಲ್ಲಿ ಬಸ್ ಲೈನೇ, ಅಪ್ಪ ಕಂಡಕ್ಟರ್ ಆಗಿದ್ರು, ನಾನು ಈಗ ಏಜೆಂಟ್. ಮಾಷ್ಟ್ರು ಪುಸ್ತಕದಿಂದ ಹೇಳಿದ್ದು ಸರಿ ಉಂಟು, ಆದ್ರೆ ಬಸ್ಸಿನವರದ್ದೂ ಒಂದು ಮಾತು ಕೇಳಿ ಅಕ್ಕ.

ಎಲ್ಲರೂ ಹೇಳುದು ಪ್ರೈವೇಟಿನವರು ರಾತ್ರಿ ಟ್ರಿಪ್ ಕಟ್ ಮಾಡ್ತಾರೆ, ಆದಿತ್ಯವಾರ ಬಸ್ ಬಿಡುದಿಲ್ಲ ಅಂತ. ಹೌದು, ಮಾಡ್ತೇವೆ. ಬೆಳಿಗ್ಗೆ ಎಂಟೂವರೆಗೆ ಫುಟ್‌ಬೋರ್ಡಲ್ಲಿ ನಿಂತ್ಕೊಂಡು ಹೋಗ್ತಾರೆ, ಅದರಲ್ಲಿ ಅರ್ಧ ಸ್ಟೂಡೆಂಟ್ಸ್ ಕನ್ಸೆಶನ್, ರಾತ್ರಿ ಎಂಟರ ಟ್ರಿಪ್ಪಿಗೆ ಆರು ಜನ. ಡೀಸೆಲ್ ಆರು ಜನಕ್ಕೂ ಅಷ್ಟೇ, ಅರುವತ್ತು ಜನಕ್ಕೂ ಅಷ್ಟೇ. ಆ ಆರರಲ್ಲಿ ನಾಲ್ಕು ಜನ ಬಟ್ಟೆ ಅಂಗಡಿಯ ಹುಡುಗಿಯರು, ಅಂಗಡಿ ಬಾಗಿಲು ಹಾಕಿ ಓಡ್ಕೊಂಡು ಬರುವವರು, ಡ್ರೈವರ್ ಎರಡು ನಿಮಿಷ ಕಾಯ್ತಾನೆ, ಹಿಂದಿನ ಬಸ್ಸಿನವ ಹಾರ್ನ್ ಹಾಕ್ತಾನೆ, ಟೈಮ್‌ಕೀಪರ್ ಬೈತಾನೆ. ಒಂದು ದಿನ ಆ ಟ್ರಿಪ್ ಕಟ್. ಅವರು ಒಂದು ವಾರ ರಿಕ್ಷಾದಲ್ಲಿ ಹೋಗ್ತಾರೆ, ತಿಂಗಳಾಗುವಾಗ ಸೊಸೈಟಿ ಲೋನಲ್ಲಿ ಸ್ಕೂಟರ್. ಒಮ್ಮೆ ಸ್ಕೂಟರ್ ಬಂದ್ರೆ ಅವರು ಬೆಳಿಗ್ಗೆಯ ಬಸ್ಸಿಗೂ ಬರುದಿಲ್ಲ. ನಾವು ಕಳ್ಕೊಂಡದ್ದು ರಾತ್ರಿಯ ಒಂದು ಟಿಕೆಟ್ ಅಲ್ಲ, ಬೆಳಿಗ್ಗೆದ್ದೂ ಸೇರಿ ಎರಡು. ಇದು ನಮ್ಮ ಓನರ್‌ಗಳಿಗೇ ಲೆಕ್ಕ ಸಿಕ್ಕಲಿಲ್ಲ ನನ್ನ ಪ್ರಕಾರ.

ನೀವು ಡಾಟಾ ಕೇಳ್ಲಿಕ್ಕೆ ಹೋದ್ರೆ ಕಲೆಕ್ಷನ್ ಯಾರೂ ಹೇಳುದಿಲ್ಲ. ಜನ ಎಷ್ಟು ಹತ್ತಿದ್ರು ಅಂತ ಕೇಳಿ, ದುಡ್ಡು ಎಷ್ಟು ಅಂತ ಕೇಳ್ಬೇಡಿ. ಮತ್ತೆ ಪರ್ಮಿಟ್ಟಲ್ಲಿ ಬರೆದ ಟ್ರಿಪ್ಪೇ ಬೇರೆ, ಓಡುವ ಟ್ರಿಪ್ಪೇ ಬೇರೆ, ಆರ್‌ಟಿಒ ಆಫೀಸಿನ ಕಾಗದ ನೋಡಿ ಥೀಸಿಸ್ ಬರೆದ್ರೆ ನಮ್ಮ ಜಿಲ್ಲೆ ಸಿಂಗಾಪುರ ಆಗ್ತದೆ.

ಪರ್ಕಳ_ಪ್ರಯಾಣಿಕೆ:

ಅಯ್ಯೋ ಇಷ್ಟು ಬರ್ತದೆ ಅಂತ ಗೊತ್ತಿರ್ಲಿಲ್ಲ, ಥ್ಯಾಂಕ್ಸ್ ಎಲ್ರಿಗೂ. ಕೊನೆ ಬಸ್ಸಿನ ಮಾತು ಓದಿ ನಿನ್ನೆ ರಾತ್ರಿ ನಿದ್ದೆ ಬರ್ಲಿಲ್ಲ ಯಾಕಂದ್ರೆ ಆ ಮೂರು ಹುಡುಗಿಯರದ್ದು ಡಿಟ್ಟೋ ಅದೇ ಕತೆ, ರೋಡು ಚಂದ ಆದದ್ದಕ್ಕೆ ಸ್ಕೂಟರ್ ತೆಗೆದದ್ದು ಅಂತ ನಾನೇ ಅಂದ್ಕೊಂಡಿದ್ದೆ, ಕೇಳಲೇ ಇಲ್ಲ.

ಮಾಷ್ಟ್ರೇ, ಪರಿಸರದ ಬಗ್ಗೆ ಒಂದು ಯೋಚನೆ ಬಂತು, ತಪ್ಪಿದ್ರೆ ಹೇಳಿ. ನಮ್ಮ ಅಜ್ಜಿ ಮನೆಯದ್ದು ರೋಡ್ ಬದಿಯಲ್ಲಿ ಬೈಲು ಗದ್ದೆ. ಎತ್ತರದ ಬೆಟ್ಟಿನಲ್ಲಿ ಒಂದು ಬೆಳೆ, ನಡುವಿನ ಮಜಲಲ್ಲಿ ಎರಡು, ತಗ್ಗಿನ ಬೈಲಲ್ಲಿ ಏಣೆಲು, ಸುಗ್ಗಿ, ಕೊಳಕೆ ಅಂತ ಮೂರು ತೆಗೀತಿದ್ರು, ಬೈಲು ಅಂದ್ರೆ ಅಷ್ಟು ಮರ್ಯಾದೆ. ಹಳೇ ರೋಡಿನ ಅಡಿಯಲ್ಲಿ ಕಲ್ಲಿನ ಮೋರಿ ಇತ್ತು, ಮಕ್ಕಳು ಬಗ್ಗಿ ಆಚೆ ದಾಟುವಷ್ಟು ದೊಡ್ಡದು, ತೋಡಿನ ನೀರು ಅದರಲ್ಲೇ ಹೋಗುದು. ಹೊಸ ರೋಡಿಗೆ ಸಿಮೆಂಟ್ ಪೈಪ್ ಹಾಕಿದ್ರು, ಅದರ ತಳ ತೋಡಿಗಿಂತ ಒಂದು ಅಡಿ ಮೇಲೆ. ನೀರು ಒಂದು ಅಡಿ ನಿಂತ ಮೇಲೇ ದಾಟುದು. ಎಂಒ4 ಭತ್ತದ ನೇಜಿ (ಸಸಿ) ಎರಡು ಸಲ ಕೊಳೆತು ಹೋಯ್ತು, ಈಗ ಹಡಿಲು, ಬೇಸಾಯ ಇಲ್ಲ. ಮಾವ ಮಣ್ಣು ಹಾಕಿ ರೋಡಿನ ಲೆವೆಲಿಗೆ ತರುವ, ಕಟ್ಟಡ ಮಾಡುವ ಅಂತ ಇದ್ದಾರೆ. ಆ ಮಣ್ಣು ಬರುದು ಮುರಕಲ್ಲು ಅವರ ಪದವಿಂದಲೇ ಅಲ್ವಾ.

ಹಾಗಾಗಿ ಹೆಬ್ರಿಯಿಂದ ಮಣಿಪಾಲದವರೆಗೆ ಒಂದೇ ರೋಡು, ಅದರಲ್ಲಿರುವ ಪ್ರತಿ ಮೋರಿ, ಮೋರಿಯ ಎರಡು ಬದಿಯ ಗದ್ದೆ ಬೆಳೆ ಉಂಟಾ ಹಡಿಲಾ, ಆ ಮನೆಯಲ್ಲಿ ಯಾರು ಬಸ್ಸಲ್ಲಿ ಹೋಗ್ತಾರೆ ಯಾರು ಗಾಡಿ ತೆಗೆದ್ರು, ಇಷ್ಟು ಮಾಡಿದ್ರೆ ಹೇಗೆ? ಹೆಬ್ರಿಯಿಂದ ಮೇಲೆ ಸೋಮೇಶ್ವರ ಅಭಯಾರಣ್ಯ ಬರ್ತದೆ, ಅಲ್ಲಿ ಪರ್ಮಿಷನ್ ರಗಳೆ, ಅದನ್ನು ಮುಟ್ಟುದಿಲ್ಲ.

ನಿವೃತ್ತ_ಮಾಷ್ಟ್ರು:

ಈಗ ಆಯ್ತು ನೋಡು. ಟೈಟಲ್ಲಲ್ಲಿ "ಸುಸ್ಥಿರ" ಅನ್ನುವ ಶಬ್ದ ಇಟ್ಟುಕೊಂಡ್ರೆ ಮಾತ್ರ ನಾನು ಬೈತೇನೆ. ಮಾವನನ್ನು ಆರು ತಿಂಗಳು ತಡೆ, ಮಣ್ಣು ಹಾಕುವ ಮೊದಲು ಫೋಟೋ, ಲೆವೆಲ್ ಎಲ್ಲ ತೆಗ್ದಿಡು. ಹಳೇದು ಹೇಗಿತ್ತು ಅಂತ ಗೂಗಲ್ ಅರ್ಥ್‌ನಲ್ಲಿ ಹಿಂದಿನ ವರ್ಷಗಳ ಚಿತ್ರ ಸಿಕ್ತದೆ.

ಮುರಕಲ್ಲು:

ಕಪ್ಪೆ ಬಿಡಿಸಿದ್ದಕ್ಕೆ ಮಾಷ್ಟ್ರ ಮೇಲೆ ನನಗೆ ಸಿಟ್ಟು ಉಂಟು. ಹಡಿಲು ಗದ್ದೆ, ಬೆಳೆ ಗದ್ದೆ ಎರಡರ ಬದಿಯಲ್ಲೂ ರಾತ್ರಿ ಹತ್ತು ಹತ್ತು ನಿಮಿಷ ಮೊಬೈಲಲ್ಲಿ ಸೌಂಡ್ ರೆಕಾರ್ಡ್ ಮಾಡಿ ಕಳಿಸಿ ಅಕ್ಕ, ಯಾವ ಕಪ್ಪೆ ಅಂತ ಗುರುತಿಸಿ ಕೊಡುದು ನನ್ನ ಜವಾಬ್ದಾರಿ. ಹಾವಿಗೆ ಮಾತ್ರ ಜಾಗ್ರತೆ, ಗಂಬೂಟ್ ಹಾಕ್ಕೊಳ್ಳಿ.

ಸರ್ವಿಸ್_ಬಸ್:

ಅಕ್ಕ, ಬಸ್ಸಿನವರತ್ರ ಮಾತಾಡ್ಲಿಕ್ಕೆ ಬರುದಾದ್ರೆ ಮಧ್ಯಾಹ್ನ ಎರಡರಿಂದ ಮೂರೂವರೆ ಒಳಗೆ ಸ್ಟ್ಯಾಂಡಿಗೆ ಬನ್ನಿ, ಆಗ ಎಲ್ಲರೂ ಊಟ ಮಾಡಿ ನೆರಳಲ್ಲಿ ಕೂತಿರ್ತಾರೆ. ಬೆಳಿಗ್ಗೆ ಬಂದು ಸುಸ್ಥಿರ ಸಾರಿಗೆ ಅಂತ ಶುರು ಮಾಡಿದ್ರೆ ಯಾವ ಊರಿಗೆ ಟಿಕೆಟ್ ಅಂತ ಕೇಳ್ತಾರೆ.