ಉಳಿಸಲು ಏನೂ ಇಲ್ಲದ ಮನೆಯ ಮಕ್ಕಳಿಗೆ ಉಳಿತಾಯದ ಪಾಠ ಹೇಗೆ ಮಾಡುವುದು?

ಶನಿವಾರದ_ಟೀಚರ್ (ಪ್ರಶ್ನೆ)

ವಾರಕ್ಕೊಂದು ಗಂಟೆ ಹೈಸ್ಕೂಲ್ ಮಕ್ಕಳಿಗೆ ದುಡ್ಡಿನ ವ್ಯವಹಾರ ಹೇಳಿಕೊಡುತ್ತಿದ್ದೇನೆ. ಸಂಬಳ ಇಲ್ಲ, ನಾನಾಗಿಯೇ ಒಪ್ಪಿಕೊಂಡ ಕೆಲಸ. 28 ಮಕ್ಕಳು, 14ರಿಂದ 16 ವಯಸ್ಸು. ಹೆಚ್ಚಿನವರ ಮನೆಯಲ್ಲಿ ಕೆಲಸ ಸಿಕ್ಕ ದಿನ ದುಡ್ಡು, ಇಲ್ಲದ ದಿನ ಇಲ್ಲ.

ಮೊದಲ ವಾರ 50-30-20 ಸೂತ್ರ ಹಿಡಿದುಕೊಂಡು ಹೋದೆ. ಆದಾಯದ ಅರ್ಧ ಅಗತ್ಯಕ್ಕೆ, ನೂರಕ್ಕೆ 30 ಇಷ್ಟದ್ದಕ್ಕೆ, 20 ಉಳಿತಾಯಕ್ಕೆ. ಎಲ್ಲರೂ ಸುಮ್ನೆ ಬರೆದುಕೊಂಡರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಮಿಸ್, ನಮ್ಮನೇಲಿ ಮೊದಲನೇದೇ ನೂರಾಹತ್ತು ಆಗುತ್ತೆ. ಉಳಿದ ಎರಡನ್ನ ಎಲ್ಲಿ ಬರೀಲಿ?" ಎಂದಳು. ತಮಾಷೆಗೆ ಕೇಳಿದ್ದಲ್ಲ. ನನ್ನ ಬಳಿ ಉತ್ತರ ಇರಲಿಲ್ಲ.

ಎರಡನೇ ವಾರ ಇನ್ನೊಂದು ಎಡವಟ್ಟು ಮಾಡಿದೆ. ಮನೆಯ ಒಂದು ತಿಂಗಳ ಖರ್ಚು ಬರೆದು ತನ್ನಿ ಎಂದೆ. ವಾಪಸ್ ಬಂದದ್ದು 9 ಹಾಳೆ. ಒಂದು ವಾರವೂ ತಪ್ಪಿಸದ ಹುಡುಗ ಆಮೇಲೆ ಎರಡು ವಾರ ಬರಲೇ ಇಲ್ಲ. ಇದನ್ನು ಹೇಗೆ ಸರಿ ಮಾಡಲಿ?

ಲೆಕ್ಕ_ಪಕ್ಕಾ

ಚಕ್ರಬಡ್ಡಿಯಿಂದ ಶುರು ಮಾಡಿ. 72ರ ಸೂತ್ರ ಮಕ್ಕಳಿಗೆ ತುಂಬಾ ಇಷ್ಟವಾಗುತ್ತದೆ. ವರ್ಷಕ್ಕೆ ನೂರಕ್ಕೆ 8 ಬಡ್ಡಿ ಇದ್ದರೆ 72ನ್ನು 8ರಿಂದ ಭಾಗಿಸಿ, 9 ವರ್ಷಕ್ಕೆ ದುಡ್ಡು ಎರಡರಷ್ಟು. ಚಿಕ್ಕ ವಯಸ್ಸಿನಲ್ಲೇ ಉಳಿತಾಯದ ಅಭ್ಯಾಸ ಬೀಳಬೇಕು, ಅಲ್ವಾ?

ಗಣಿತದ_ಮೇಷ್ಟ್ರು

ಲೆಕ್ಕ ಪಕ್ಕಾ ಅವರೇ, ನಿಮ್ಮ ಸೂತ್ರ ಸರಿ. ಅದನ್ನೇ ತಿರುಗಿಸಿ ನೋಡಿ. ತಿಂಗಳಿಗೆ ನೂರಕ್ಕೆ ಐದರಂತೆ ಕೈಸಾಲ ತಂದು, ಬಡ್ಡಿ ಕಟ್ಟದೆ ಬಿಟ್ಟು, ಅದಕ್ಕೂ ಬಡ್ಡಿ ಸೇರುತ್ತಾ ಹೋದರೆ 72 ಭಾಗಿಸು 5. ಹದಿನಾಲ್ಕು ತಿಂಗಳು ದಾಟುವಷ್ಟರಲ್ಲಿ ಸಾಲ ಎರಡರಷ್ಟು. ಈ ಮಕ್ಕಳ ಮನೆಗೆ 72ರ ಸೂತ್ರ ಬರುವುದು ಈ ಬಾಗಿಲಿನಿಂದ.

ಟೀಚರ್, ನಾನು 31 ವರ್ಷ ಗಣಿತ ಹೇಳಿ ನಿವೃತ್ತನಾದವನು. ಶುರುವಿನಲ್ಲಿ ನಾನೂ "ಹಾಸಿಗೆ ಇದ್ದಷ್ಟು ಕಾಲು ಚಾಚು" ಎನ್ನುತ್ತಿದ್ದೆ. ಹಾಸಿಗೆಯೇ ಗೇಣುದ್ದ ಇರುವ ಮಕ್ಕಳ ಮುಂದೆ ನಿಂತು ಏನು ಹೇಳುತ್ತಿದ್ದೇನೆ ಎಂದು ಹೊಳೆಯಲು ಐದಾರು ವರ್ಷ ಬೇಕಾಯಿತು. ಆಮೇಲೆ ಉಳಿತಾಯವನ್ನು ಪಕ್ಕಕ್ಕಿಟ್ಟು ಸಾಲದಿಂದ ಶುರು ಮಾಡಿದೆ. ಆ ವಿಷಯ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಬಾಗಿಲು ಬಡಿಯುವ ಸದ್ದಿನಲ್ಲೇ ಬಂದವರು ಯಾರೆಂದು ಹೇಳುತ್ತಾರೆ.

ಬೋರ್ಡಿನ ಮೇಲೆ ಒಂದೇ ಲೆಕ್ಕ ಬರೆಯುತ್ತಿದ್ದೆ. ಸಾಲ 10,000. ಕೊಡುವವನು 1,000 ಮೊದಲೇ ಹಿಡಿದುಕೊಂಡು 9,000 ಕೈಗಿಡುತ್ತಾನೆ. ದಿನಕ್ಕೆ 100ರಂತೆ 100 ದಿನ ಕಟ್ಟಬೇಕು. ಬಡ್ಡಿ ಎಷ್ಟು? ಇಡೀ ತರಗತಿ "ನೂರಕ್ಕೆ ಹತ್ತು" ಎನ್ನುತ್ತದೆ. ಸರಿ, ಆದರೆ ಕೈಗೆ ಬಂದದ್ದು 9,000 ಅಲ್ವಾ? ಹಾಗಾದರೆ ನೂರಕ್ಕೆ 11. ಅದೂ ಬರೀ 100 ದಿನಕ್ಕೆ. ವರ್ಷಕ್ಕೆ ಹಾಕಿದರೆ 40. ಇಷ್ಟಕ್ಕೇ ಪಿಸುಗುಟ್ಟಲು ಶುರು ಮಾಡುತ್ತಾರೆ. ಇನ್ನೂ ಒಂದು ಹೆಜ್ಜೆ ಇದೆ. ಆ 9,000 ನೂರು ದಿನವೂ ನಿಮ್ಮ ಹತ್ತಿರ ಇರುವುದಿಲ್ಲ. ಮೊದಲ ದಿನದಿಂದಲೇ ವಾಪಸ್ ಹೋಗುತ್ತಿರುತ್ತದೆ. ಸರಾಸರಿ ನೋಡಿದರೆ ನಿಮ್ಮ ಬಳಿ ಇದ್ದದ್ದು ಅರ್ಧ ಮಾತ್ರ, ಬಡ್ಡಿ ಮಾತ್ರ ಪೂರ್ತಿ. ಅಂದರೆ ವರ್ಷಕ್ಕೆ ನೂರಕ್ಕೆ 80ರ ಹತ್ತಿರ.

ಒಂದು ವರ್ಷ ಈ ಲೆಕ್ಕ ಮುಗಿದ ಮೇಲೆ ಒಬ್ಬ ಹುಡುಗ, "ಸರ್, ಹಾಗಾದ್ರೆ ನಮ್ಮಪ್ಪ ಪೆದ್ದನಾ?" ಎಂದ. ನನಗೆ ಎದೆ ಧಸಕ್ ಎಂದಿತು. "ಅಪ್ಪ ಸಾಲ ತಂದದ್ದು ಯಾವಾಗ?" ಎಂದು ಕೇಳಿದೆ. ತಂಗಿಯನ್ನು ಆಸ್ಪತ್ರೆಗೆ ಸೇರಿಸಿದ ರಾತ್ರಿ. "ಆ ಹೊತ್ತಿಗೆ ಬ್ಯಾಂಕ್ ತೆರೆದಿತ್ತಾ? ಕಾಗದಪತ್ರ ಕೇಳದೆ ಬೇರೆ ಯಾರಾದರೂ ಕೊಡುತ್ತಿದ್ದರಾ?" ಇಲ್ಲ. "ಹೊತ್ತಿಗೆ ಸರಿಯಾಗಿ ದುಡ್ಡು ಸಿಗಲಿ ಅಂತ ನಿಮ್ಮಪ್ಪ ಬೆಲೆ ಕೊಟ್ಟ. ಅದು ಎಷ್ಟು ದುಬಾರಿ ಅಂತ ಈಗ ನಿನಗೆ ಗೊತ್ತಾಯ್ತು, ಅಷ್ಟೇ." ಈ ಪ್ರಶ್ನೆ ಯಾವತ್ತಾದರೂ ಬಂದೇ ಬರುತ್ತದೆ. ಉತ್ತರ ತಯಾರಿಟ್ಟುಕೊಂಡು ಹೋಗಿ. ಇಲ್ಲದಿದ್ದರೆ ಪಾಠ ಮುಗಿಯುವ ಹೊತ್ತಿಗೆ ಮಕ್ಕಳು ಅಪ್ಪ ಅಮ್ಮನ ಮುಖ ನೋಡಲು ನಾಚುತ್ತಾರೆ.

ಕೊನೆಗೆ ನಾಲ್ಕೇ ಪ್ರಶ್ನೆ ಬಾಯಿಪಾಠ ಮಾಡಿಸುತ್ತಿದ್ದೆ. ಕೈಗೆಷ್ಟು? ಒಟ್ಟು ಕಟ್ಟುವುದೆಷ್ಟು? ಎಷ್ಟು ದಿನ? ಒಂದು ಕಂತು ತಪ್ಪಿದರೆ ಏನು?

ಮನೆಯ ಲೆಕ್ಕವನ್ನಂತೂ ಇನ್ನು ಮೇಲೆ ಬರೆಸಬೇಡಿ. ತರಗತಿಯಲ್ಲೇ ಒಂದು ಸುಳ್ಳು ಸಂಸಾರ ಕಟ್ಟಿ, ಹೆಸರು ಮಕ್ಕಳೇ ಇಡಲಿ. ದಿನದ ಆದಾಯಕ್ಕೆ ದಾಳ ಹಾಕಿ. ಒಂದು, ಎರಡು ಬಿದ್ದರೆ ಕೆಲಸ ಇಲ್ಲ. ಮೂರರಿಂದ ಐದಕ್ಕೆ ಒಂದು ಕೂಲಿ, ಆರಕ್ಕೆ ಎರಡು. ಹೀಗೆ 30 ದಿನ, ಖರ್ಚು ಮಾತ್ರ ದಿನವೂ ಇದ್ದೇ ಇರುತ್ತದೆ. ತಿಂಗಳ ಒಟ್ಟು ಲೆಕ್ಕ ಸರಿಹೋದರೂ ಹನ್ನೆರಡನೇ ದಿನ ದುಡ್ಡಿನ ಡಬ್ಬಿ ಖಾಲಿಯಾಗಿರಬಹುದು. ಮಕ್ಕಳ ಮನೆಯಲ್ಲೂ ಆಗುವುದು ಇದೇ. 50-30-20 ಹೊಂದದೇ ಇರುವುದೂ ಇಲ್ಲೇ, ಅದು ತಿಂಗಳ ಸಂಬಳದವರಿಗೆ ಹೊಲಿದ ಅಂಗಿ.

ಇನ್ನೊಂದು ಮಾತು. ಬ್ರೆಜಿಲ್‌ನಲ್ಲಿ 892 ಹೈಸ್ಕೂಲುಗಳ ಸುಮಾರು 25,000 ಮಕ್ಕಳೊಡನೆ ಇಂಥ ಪಾಠದ ದೊಡ್ಡ ಪ್ರಯೋಗ ನಡೆದಿತ್ತು, ಅದರ ವರದಿ 2016ರಲ್ಲಿ ಬಂತು. ಮಕ್ಕಳ ತಿಳಿವಳಿಕೆ, ಉಳಿತಾಯ ಎರಡೂ ಹೆಚ್ಚಿದವು. ಆದರೆ ದುಬಾರಿ ಸಾಲದಲ್ಲಿ ಸಾಮಾನು ಕೊಳ್ಳುವುದೂ ಹೆಚ್ಚಿತು! ಸಾಲ ಎಂದರೇನು ಎಂದು ಕಲಿಸಿದರೆ ಸಾಲದ ಭಯವೂ ಹೋಗಬಹುದು. ಇದು ನೆನಪಿರಲಿ.

ಸಹಿ_ಹಾಕಿದವಳು

ನಾನೂ ಒಂದು ಕಾಲದಲ್ಲಿ ಅಂಥದ್ದೇ ಹಿಂದಿನ ಬೆಂಚಿನಲ್ಲಿ ಕೂತಿದ್ದವಳು. 18ಕ್ಕೆ ಕೆಲಸಕ್ಕೆ ಸೇರಿದೆ. ಎರಡೇ ತಿಂಗಳಿಗೆ ಜೊತೆ ಕೆಲಸದವಳು "ಇಲ್ಲೊಂದು ಸಹಿ ಹಾಕು, ಸುಮ್ನೆ ಸಾಕ್ಷಿಗೆ" ಎಂದಳು. ಹಾಕಿದೆ. ಅದು ಜಾಮೀನು. ಅವಳು ಕೆಲಸ ಬಿಟ್ಟು ಹೋದಳು, ನಾನು 14 ತಿಂಗಳು ಅವಳ ಕಂತು ಕಟ್ಟಿದೆ. ಸಾಕ್ಷಿಗೂ ಜಾಮೀನಿಗೂ ಏನು ವ್ಯತ್ಯಾಸ ಎಂದು ಹತ್ತು ವರ್ಷದ ಶಾಲೆಯಲ್ಲಿ ಯಾರೂ ಹೇಳಿರಲಿಲ್ಲ. ಟೀಚರ್, ಒಂದು ಪೂರ್ತಿ ಗಂಟೆ ಇದಕ್ಕೇ ಇಡಿ. ಒಂದು ಸಂಬಳದ ಚೀಟಿ, ಒಂದು ಸಾಲದ ಕಾಗದ ಕೈಗೆ ಕೊಟ್ಟು ಓದಿಸಿ.

ಕೌಂಟರ್_ಮೂರು

ಬ್ಯಾಂಕಿನಲ್ಲಿ ಕೂರುವವನು. ಒಂದನ್ನು ಮಾತ್ರ ಸೇರಿಸುತ್ತೇನೆ. "ನಿನ್ನ ಅಕೌಂಟಿಗೆ ದುಡ್ಡು ಬರುತ್ತೆ, ಬೇರೆಯವರಿಗೆ ದಾಟಿಸು, ಕಮಿಷನ್ ಕೊಡ್ತೀವಿ" ಎಂದು ಈ ವಯಸ್ಸಿನವರನ್ನೇ ಹುಡುಕಿ ಬರುತ್ತಾರೆ. ಅದು ಮೋಸದ ದುಡ್ಡು. ಪೊಲೀಸರು ಮೊದಲು ಬರುವುದು ಅಕೌಂಟ್ ಯಾರ ಹೆಸರಿನಲ್ಲಿದೆಯೋ ಅವರ ಮನೆಗೆ. ಓಟಿಪಿ, ಪಿನ್ ಬಗ್ಗೆ ಎಲ್ಲರೂ ಹೇಳುತ್ತಾರೆ, ಇದನ್ನು ಯಾರೂ ಹೇಳುವುದಿಲ್ಲ.

ಶನಿವಾರದ_ಟೀಚರ್

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ದಾಳದ ಆಟ ಆಡಿಸಿದೆ. ನೂರಾಹತ್ತರ ಹುಡುಗಿಯೇ ಸಂಸಾರದ ಯಜಮಾನಿ. ಒಂಬತ್ತನೇ ದಿನಕ್ಕೇ ಡಬ್ಬಿ ಖಾಲಿ. ಸಾಲ ತರುವುದಾ, ಬಾಡಿಗೆ ಮುಂದೂಡುವುದಾ ಎಂದು ಎರಡು ಪಕ್ಷವಾಗಿ ಜಗಳ. ಬೆಲ್ ಹೊಡೆದರೂ ಏಳಲಿಲ್ಲ. ಎರಡು ವಾರ ತಪ್ಪಿಸಿದ್ದ ಹುಡುಗನೂ ಬಂದಿದ್ದ, ಬಾಡಿಗೆ ಪಕ್ಷದ ಮುಂದಾಳು ಅವನೇ. ಹಾಳೆಯ ವಿಷಯ ನಾನೂ ಎತ್ತಲಿಲ್ಲ.

ಮೇಷ್ಟ್ರೇ, ಒಂದು ಅನುಮಾನ. ಆರು ಬೀಳುವವರೆಗೂ ದಾಳ ಉರುಳಿಸುತ್ತಲೇ ಇರುತ್ತಾರೆ, ನನ್ನ ಕಣ್ಣು ತಪ್ಪಿಸಿ. ಬಿಟ್ಟುಬಿಡಲಾ?

ಗಣಿತದ_ಮೇಷ್ಟ್ರು

ಬೇಡ. ದಾಳ ನಿಮ್ಮ ಕೈಯಲ್ಲಿರಲಿ.