ಕುದುರೆ ಮಸಾಲೆ ಬೀಜಕ್ಕೆ ರೈಜೋಬಿಯಂ: ಹಚ್ಚಿ ನೋಡಿದವರ ಅನುಭವ

ಪ್ರಶ್ನೆ: ಹಸುಗಳ ಮೇವಿಗೆಂದು ಅರ್ಧ ಎಕರೆ ಕೆಂಪು ಮಣ್ಣಿನಲ್ಲಿ ಕುದುರೆ ಮಸಾಲೆ ಬಿತ್ತಿದ್ದೆ. ಮೊಳಕೆ ಚೆನ್ನಾಗಿ ಬಂದರೂ ತಿಂಗಳು ಕಳೆಯುವಷ್ಟರಲ್ಲಿ ಸಸಿಗಳು ಹಳದಿ ತಿರುಗಿ ಬೆಳವಣಿಗೆ ನಿಂತಿತು. ಮುಂದಿನ ಸಲ ಬೀಜಕ್ಕೆ ರೈಜೋಬಿಯಂ, ಅಂದರೆ ಬೇರಿನ ಗಂಟುಗಳಲ್ಲಿದ್ದು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಬ್ಯಾಕ್ಟೀರಿಯಾ, ಹಚ್ಚಬೇಕೆಂದಿದ್ದೇನೆ. ಅನುಭವವಿರುವವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ: ನಮ್ಮಲ್ಲೂ ಹೀಗೆಯೇ ಆಗಿತ್ತು. ನಾಲ್ಕೈದು ಸಸಿಗಳನ್ನು ಮಣ್ಣಿನ ಹೆಂಟೆಯ ಸಮೇತ ಸಲಿಕೆಯಿಂದ ಎತ್ತಿ, ಬಕೆಟ್ ನೀರಿನಲ್ಲಿ ನೆನೆಸಿ ಬೇರು ತೊಳೆದು ನೋಡಿದರೆ ಒಂದೂ ಗಂಟು ಕಾಣಲಿಲ್ಲ. ಅಲಸಂದೆ, ಹುರುಳಿ, ಕಡಲೆಕಾಯಿ ಬೆಳೆದ ಹೊಲವಾದ್ದರಿಂದ ಬೇಕಾದ ಬ್ಯಾಕ್ಟೀರಿಯಾ ಮಣ್ಣಿನಲ್ಲಿ ಇದ್ದೇ ಇರುತ್ತದೆಂದು ನಾನು ನಂಬಿದ್ದೆ. ಆದರೆ ಅವುಗಳ ಬೇರಿಗೆ ಒಗ್ಗುವ ಬ್ಯಾಕ್ಟೀರಿಯಾ ಬೇರೆ, ಕುದುರೆ ಮಸಾಲೆಗೆ ಒಗ್ಗುವುದು ಬೇರೆ. ಈ ವಿಷಯದಲ್ಲಿ ಇದು ಮೆಂತ್ಯದ ಬಳಗಕ್ಕೆ ಸೇರಿದ ಬೆಳೆ. ಆದ್ದರಿಂದ ರೈಜೋಬಿಯಂ ಪುಡಿಯ ಪೊಟ್ಟಣದ ಮೇಲೆ ಯಾವ ಬೆಳೆಯ ಹೆಸರಿದೆ, ಅವಧಿ ಯಾವಾಗ ಮುಗಿಯುತ್ತದೆ ಎಂಬುದನ್ನು ಓದದೆ ಕೊಳ್ಳಬೇಡಿ. ತಂದ ಮೇಲೆ ಬಿಸಿಲಿಗೆ ಇಡಬೇಡಿ.

ಅರ್ಧ ಎಕರೆಯ 4 ಕಿಲೋ ಬೀಜಕ್ಕೆ ನಾನು 200 ಗ್ರಾಂ ಪೊಟ್ಟಣವನ್ನು ಪೂರ್ತಿ ಬಳಸುತ್ತೇನೆ. ಕಾಲು ಲೀಟರ್ ನೀರಿಗೆ 25 ಗ್ರಾಂ ಬೆಲ್ಲ ಹಾಕಿ ಕುದಿಸಿ, ಪೂರ್ತಿ ಆರಿದ ಮೇಲೆಯೇ ಪುಡಿ ಕಲಸಬೇಕು, ಬಿಸಿಯಿದ್ದರೆ ಜೀವಾಣುಗಳು ಸಾಯುತ್ತವೆ. ಗೋಣಿಚೀಲದ ಮೇಲೆ ಹರಡಿದ ಬೀಜಕ್ಕೆ ಇದನ್ನು ಸ್ವಲ್ಪ ಸ್ವಲ್ಪವಾಗಿ ಚಿಮುಕಿಸುತ್ತಾ, ಒಂದೊಂದು ಕಾಳಿಗೂ ಕಪ್ಪು ಲೇಪ ಹತ್ತುವಂತೆ ಅಂಗೈಯಿಂದ ಹಗುರವಾಗಿ ಹೊರಳಿಸಿ, ನೆರಳಿನಲ್ಲಿ ಆರಿಸಿ ಅದೇ ದಿನ ಸಂಜೆ ಬಿತ್ತುತ್ತೇನೆ. ಒಣಮಣ್ಣಿನಲ್ಲಿ ಬಿತ್ತಿ ಮಳೆಗೆ ಕಾಯುವುದಾದರೆ ಈ ಶ್ರಮವೆಲ್ಲ ವ್ಯರ್ಥ.

ಎರಡನೆಯ ಉತ್ತರ: ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಹುಳಿ ಮಣ್ಣನ್ನು ಕುದುರೆ ಮಸಾಲೆಯೂ ತಾಳದು, ಅದರ ಬ್ಯಾಕ್ಟೀರಿಯಾವೂ ತಾಳದು. ಮಣ್ಣಿನ ಹುಳಿಯನ್ನು ತೋರಿಸುವ ರಸಸಾರ (pH) 6ಕ್ಕಿಂತ ಕಡಿಮೆಯಿದ್ದಲ್ಲಿ ಬಿತ್ತನೆಗೆ ಸಾಕಷ್ಟು ಮುಂಚೆಯೇ ಕೃಷಿ ಸುಣ್ಣ ಹಾಕಿ. ರಂಜಕದ ಕೊರತೆಯಿದ್ದರೂ ಗಂಟು ಸರಿಯಾಗಿ ಕಟ್ಟುವುದಿಲ್ಲ. ಸಸಿ ಹಳದಿಯಾಯಿತೆಂದು ಗಾಬರಿಯಿಂದ ಹೆಚ್ಚು ಯೂರಿಯಾ ಎರಚಬೇಡಿ, ಸಾರಜನಕ ಸುಲಭವಾಗಿ ಸಿಕ್ಕರೆ ಗಿಡ ಗಂಟು ಕಟ್ಟುವುದನ್ನೇ ಕಡಿಮೆ ಮಾಡುತ್ತದೆ. ಆರು ವಾರಗಳ ನಂತರ ಬೇರು ತೊಳೆದು, ಒಂದು ಗಂಟನ್ನು ಉಗುರಿನಿಂದ ಸೀಳಿ ನೋಡಿ: ಒಳಗೆ ನಸುಗೆಂಪು ಬಣ್ಣವಿದ್ದರೆ ಅದು ಕೆಲಸ ಮಾಡುತ್ತಿದೆ, ಬಿಳುಪಾಗಿಯೋ ಹಸಿರಾಗಿಯೋ ಇದ್ದರೆ ಇಲ್ಲ. ನೀವು ಕಂಡದ್ದನ್ನು ಇಲ್ಲಿಯೇ ತಿಳಿಸಿದರೆ ಮುಂದಿನ ಹೆಜ್ಜೆ ಯೋಚಿಸೋಣ.